ನಾಲ್ಕು ಅಕ್ಷರ ತಪ್ಪಿದಾಗ

ಪ್ರವೇಶ ಪರೀಕ್ಷೆಗಳಿಗೆ ಅರ್ಜಿ ಕರೆಯುವ ಹೊತ್ತಿಗೆ ದ್ವಿತೀಯ ಪಿಯು ಮಕ್ಕಳ ಓದಿನ ಪಟ್ಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯೂ ಸೇರುತ್ತದೆ. ಶುಲ್ಕ, ಮೀಸಲಾತಿ, ಸೀಟು ಹಂಚಿಕೆಯ ಪುಟಗಳನ್ನು ಮನೆಮಂದಿಯೆಲ್ಲ ಬೆರಳಿಟ್ಟು ಓದುತ್ತಾರೆ. ‘ಅರ್ಹತೆ’ ಎಂಬ ಭಾಗವನ್ನು ಮಾತ್ರ ಹೆಚ್ಚಿನವರು ಹಾಗೇ ಮಗುಚಿ ಮುಂದೆ ಹೋಗುತ್ತಾರೆ. ಸೈನ್ಸ್ ಓದಿದ್ದೇವೆ, ಇನ್ನೇನು ಬೇಕು ಎಂಬ ಧೈರ್ಯ.

ಹಾವೇರಿ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮನೆಯಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆಯುತ್ತಾರೆ. ಮಗ ಬಿಎಸ್ಸಿ ಅಗ್ರಿ ಮಾಡಬೇಕು, ಅದೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಬುದು ಅಪ್ಪನ ಆಸೆ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ ಎಂಬುದನ್ನೆಲ್ಲ ಅವರು ಕೇಳಿ ತಿಳಿದುಕೊಂಡಿದ್ದರು. ಆದರೆ ಹುಡುಗ ಓದಿದ್ದು ಪಿಸಿಎಂಸಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್. ಕೃಷಿ ಪದವಿಗೆ ಜೀವಶಾಸ್ತ್ರ ಬೇಕೇ ಬೇಕು. ‘ಹೊಲದಾಗ ಹುಟ್ಟಿ ಬೆಳದ ಹುಡುಗಗ ಬಯಾಲಜಿ ಬರೂದಿಲ್ಲ ಅಂದ್ರ ಹೆಂಗ್ರೀ ಸರ?’ ಎಂದು ಅಪ್ಪ ಪ್ರಾಂಶುಪಾಲರನ್ನು ಕೇಳಿದರಂತೆ. ಅದೇ ಹುಡುಗ ಕೃಷಿ ಎಂಜಿನಿಯರಿಂಗ್‌ಗೆ ಧಾರಾಳವಾಗಿ ಅರ್ಜಿ ಹಾಕಬಹುದು, ಅಲ್ಲಿ ಗಣಿತ ಸಾಕು. ಟ್ರ್ಯಾಕ್ಟರಿನ ಬಗ್ಗೆ ಕಲಿಯಬಹುದು, ಬೀಜದ ಬಗ್ಗೆ ಕಲಿಯುವಂತಿಲ್ಲ.

ಮೈಸೂರಿನ ಒಬ್ಬ ಹುಡುಗಿಯದು ಇದರ ತಿರುಗುಮುರುಗು. ಡಾಕ್ಟರ್ ಆಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನೀಟ್‌ನಲ್ಲಿ ಗಣಿತದ ಪತ್ರಿಕೆ ಇಲ್ಲವೆಂದು ಗಣಿತ ಬಿಟ್ಟು, ಅದರ ಜಾಗಕ್ಕೆ ಗೃಹ ವಿಜ್ಞಾನ ತೆಗೆದುಕೊಂಡಳು. ಗಣಿತ ಬರುತ್ತಿರಲಿಲ್ಲ ಎಂದೇನಲ್ಲ; ಆ ಹೊತ್ತು ಬಯಾಲಜಿಗೆ ಸಿಗಲಿ ಎಂಬ ಲೆಕ್ಕಾಚಾರ. ದ್ವಿತೀಯ ಪಿಯುಗೆ ಬಂದಾಗ ಒಬ್ಬ ಒಳ್ಳೆಯ ಮೇಷ್ಟರ ಕೈಗೆ ಸಿಕ್ಕಿ ಭೌತಶಾಸ್ತ್ರದ ಹುಚ್ಚು ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ, ಅಲ್ಲಿಗೆ ಹೋಗಬೇಕು ಎಂದುಕೊಂಡಳು. ಆ ಪದವಿಗೆ ಸೇರಲು ಪಿಯುವಿನಲ್ಲಿ ಗಣಿತ ಓದಿರಬೇಕು.

ಇನ್ನೊಬ್ಬ ಬೆಂಗಳೂರಿನ ಕಾಮರ್ಸ್ ಹುಡುಗ. ಅವನಿಗೆ ವಿಮಾನ ಹಾರಿಸುವ ಆಸೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಹಳೆಯ ನಿಯಮ. ಅದನ್ನು ಸಡಿಲಿಸುವ ಮಾತು 2025ರಲ್ಲಿ ಕೇಳಿಬಂದಿತ್ತು. ಹುಡುಗನಿಗೆ ನಿಯಮ ಇರುವುದೇ ಗೊತ್ತಿರಲಿಲ್ಲ. ಅವನ ಕಾಂಬಿನೇಷನ್ ಆರಿಸಿದ್ದ ಸೋದರಮಾವನಿಗೂ.

ಈ ಮೂವರಲ್ಲಿ ಯಾರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಹದಿನಾರರ ವಯಸ್ಸಿನಲ್ಲಿ ಅರ್ಜಿಯಲ್ಲಿ ಬರೆದ ನಾಲ್ಕು ಅಕ್ಷರ ಹದಿನೆಂಟಕ್ಕೆ ಎದುರು ನಿಂತಿದೆ, ಅಷ್ಟೆ. ‘ಆಗಲೇ ಯೋಚಿಸಬೇಕಿತ್ತು’ ಎಂದು ಹೇಳುವ ದೊಡ್ಡವರಿಗೆ ನಮ್ಮಲ್ಲಿ ಬರವಿಲ್ಲ. ಆಗ ಯೋಚಿಸಲು ಆ ಮಕ್ಕಳ ಕೈಯಲ್ಲಿ ಏನಿತ್ತು ಎಂಬುದೇ ನನ್ನ ಪ್ರಶ್ನೆ.

ಮೇ ತಿಂಗಳ ಆ ಕೆಲವು ವಾರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ದಾಖಲಾತಿ ಮುಗಿಯುವವರೆಗೆ ಸಿಗುವುದು ಕೆಲವೇ ವಾರ. ಹತ್ತನೇ ತರಗತಿಯವರೆಗೆ ರಾಜ್ಯದ ಎಲ್ಲ ಮಕ್ಕಳು ಓದುವುದು ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಲೆಕ್ಕಶಾಸ್ತ್ರದ ಪುಸ್ತಕವನ್ನು ಅವರು ಕಣ್ಣಿನಿಂದಲೂ ನೋಡಿರುವುದಿಲ್ಲ. ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ, ತರ್ಕಶಾಸ್ತ್ರ ಹೆಸರು ಕೇಳಿದ್ದರೆ ಹೆಚ್ಚು. ಭೌತಶಾಸ್ತ್ರವೂ ಜೀವಶಾಸ್ತ್ರವೂ ಒಂದೇ ವಿಜ್ಞಾನ ಪುಸ್ತಕದ ಬೇರೆ ಬೇರೆ ಪಾಠಗಳು. ಇಷ್ಟನ್ನು ಬಗಲಲ್ಲಿಟ್ಟುಕೊಂಡು ಬಂದ ಮಗುವಿನ ಮುಂದೆ ಕಾಲೇಜಿನ ನೋಟಿಸ್ ಬೋರ್ಡು ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ, ಸಿಇಬಿಎ, ಎಸ್‌ಇಬಿಎ, ಎಚ್‌ಇಬಿಎ, ಎಚ್‌ಇಪಿಎಸ್ ಎಂದು ಮಂತ್ರದಂಥ ಸಾಲುಗಳನ್ನು ಹಿಡಿಯುತ್ತದೆ. ಎರಡು ಭಾಷೆಯ ಜೊತೆ ಇವುಗಳಲ್ಲೊಂದನ್ನು ಆರಿಸಬೇಕು. ಎರಡು ವರ್ಷ ಅದೇ.

ಆರಿಸುವುದು ಎಂಬ ಮಾತೂ ದೊಡ್ಡದಾಯಿತು. ನಿಜದಲ್ಲಿ ಆರಿಸುವುದು 625ಕ್ಕೆ ಬಂದ ಅಂಕ. ಅಂಕ ಮೇಲಿದ್ದರೆ ಸೈನ್ಸು, ನಡುವಿದ್ದರೆ ಕಾಮರ್ಸು, ಕೆಳಗಿದ್ದರೆ ಆರ್ಟ್ಸು. ಸಮಾಜ ವಿಜ್ಞಾನದಲ್ಲಿ ನೂರಕ್ಕೆ ನೂರು ತೆಗೆದ ಮಗುವಿಗೂ ‘ಇಷ್ಟು ಮಾರ್ಕ್ಸ್ ಇಟ್ಕೊಂಡು ಆರ್ಟ್ಸ್ ಯಾಕಮ್ಮ?’ ಎಂದೇ ಕೇಳುತ್ತಾರೆ. ಇತಿಹಾಸ ಚೆನ್ನಾಗಿ ಬರುವುದೇ ಇತಿಹಾಸ ಓದದಿರಲು ಕಾರಣವಾಗುವ ಈ ಲೆಕ್ಕ ನಮಗೆ ವಿಚಿತ್ರವೆನಿಸುವುದೂ ಇಲ್ಲ.

ಇದರ ಫಲ ಪ್ರತಿ ವರ್ಷದ ಫಲಿತಾಂಶದಲ್ಲಿ ಕಾಣುತ್ತದೆ. 2025ರ ದ್ವಿತೀಯ ಪಿಯು ಮೊದಲ ಪರೀಕ್ಷೆಯಲ್ಲಿ ವಿಜ್ಞಾನದವರು ಶೇ 82ರಷ್ಟು, ವಾಣಿಜ್ಯದವರು ಶೇ 76ರಷ್ಟು ಪಾಸಾದರು. ಕಲಾ ವಿಭಾಗದಲ್ಲಿ ಪಾಸಾದವರು ಶೇ 53ರಷ್ಟು. ಅಂಕಿಗಳನ್ನು ಹಾಗೇ ನಂಬಿದರೆ ಭೌತಶಾಸ್ತ್ರಕ್ಕಿಂತ ಸಮಾಜಶಾಸ್ತ್ರವೇ ಕಠಿಣ ಎನ್ನಬೇಕಾದೀತು! ನಡೆದಿರುವುದು ಬೇರೆ. ಓದಿನಲ್ಲಿ ಹಿಂದೆ ಬಿದ್ದವರನ್ನೆಲ್ಲ ಒಂದೇ ಕಡೆ ಕೂರಿಸಿ, ಅಲ್ಲಿಗೆ ಉಪನ್ಯಾಸಕರನ್ನೂ ಪುಸ್ತಕಗಳನ್ನೂ ಗಮನವನ್ನೂ ಕಡಿಮೆ ಕೊಟ್ಟರೆ ಫಲಿತಾಂಶ ಹೀಗಲ್ಲದೆ ಹೇಗೆ ಬರಬೇಕು? ಗಮನ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಕೊಟ್ಟೂರಿನಲ್ಲಿದೆ. ಅಲ್ಲಿನ ಇಂದು ಪಿಯು ಕಾಲೇಜು ಕಲಾ ವಿಭಾಗದ ರ‍್ಯಾಂಕುಗಳನ್ನು ವರ್ಷದಿಂದ ವರ್ಷಕ್ಕೆ ಬಾಚಿಕೊಂಡು ಹೋಗುತ್ತಿದೆ. ಅಲ್ಲಿ ಆರ್ಟ್ಸ್ ಎಂದರೆ ಉಳಿದವರ ಜಾಗವಲ್ಲ.

ಅಂಕದ ನಂತರ ಬಸ್ಸಿನ ಸರದಿ. ಹೋಬಳಿ ಮಟ್ಟದ ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಆರ್ಟ್ಸ್, ಕಾಮರ್ಸ್ ಮಾತ್ರ ಇವೆ. ವಿಜ್ಞಾನಕ್ಕೆ ಲ್ಯಾಬ್ ಬೇಕು, ಒಂದೊಂದು ವಿಷಯಕ್ಕೂ ಉಪನ್ಯಾಸಕರು ಬೇಕು. ವಿಜ್ಞಾನ ಓದಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು, ಇಲ್ಲವೇ ಹಾಸ್ಟೆಲ್ ಹಿಡಿಯಬೇಕು. ಮಗನಾದರೆ ಹೇಗೋ ಕಳಿಸುತ್ತಾರೆ. ಮಗಳಾದರೆ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲು ಕೇಳುತ್ತಾರೆ. ಹಾಗೆ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಸೇರಿದ ಹುಡುಗಿ ಎರಡು ವರ್ಷದ ಮೇಲೆ ಬಿಎಸ್ಸಿ ನರ್ಸಿಂಗ್ ಅರ್ಜಿ ನೋಡಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಡ್ಡಾಯ ಎಂದು ಓದಿ ಪೆಚ್ಚಾದರೆ ಅದನ್ನು ಅವಳ ಆಯ್ಕೆಯ ತಪ್ಪು ಎಂದು ಕರೆಯಲು ನಾನು ಒಪ್ಪುವುದಿಲ್ಲ. (ಅಂಥವರಿಗೆ ಜಿಎನ್‌ಎಂ ಡಿಪ್ಲೊಮಾದ ಬಾಗಿಲು ತೆರೆದಿರುತ್ತದೆ, ಅದಕ್ಕೆ ಯಾವ ವಿಭಾಗವಾದರೂ ನಡೆಯುತ್ತದೆ. ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಿ ಪದವೀಧರೆಯೇ ಆಗಬಹುದು. ಇದನ್ನು ಅವಳಿಗೆ ಹೇಳುವವರು ಯಾರು ಎಂಬುದು ಬೇರೆ ಮಾತು.)

ಒಂದೇ ಕಡೆಗೆ ತೆರೆಯುವ ಬಾಗಿಲು

ಕಾಂಬಿನೇಷನ್ ಕುರಿತ ಸಲಹೆಗಳಲ್ಲಿ ‘ಆಸಕ್ತಿ ಇರುವುದನ್ನು ತೆಗೆದುಕೋ’ ಎಂಬುದು ಬಹಳ ಅಗ್ಗದ್ದು. ಎಲ್ಲ ವಿಷಯಗಳೂ ಒಂದೇ ತೂಕದವಾಗಿದ್ದರೆ ಈ ಸಲಹೆ ಸರಿಯೇ. ನಮ್ಮ ವ್ಯವಸ್ಥೆಯಲ್ಲಿ ಅವು ಒಂದೇ ತೂಕದವಲ್ಲ. ಪಿಸಿಎಂಬಿ ಓದಿದ ಮಗು ಕಾನೂನು ಓದಬಹುದು, ಬಿಕಾಂ ಮಾಡಬಹುದು, ಕನ್ನಡ ಎಂಎ ಮಾಡಬಹುದು, ಸಿಎ ಫೌಂಡೇಷನ್ ಬರೆಯಬಹುದು. ಎಚ್‌ಇಪಿಎಸ್ ಓದಿದ ಮಗು ಎಂಜಿನಿಯರಿಂಗಿಗಾಗಲಿ, ಕೃಷಿಗಾಗಲಿ, ಫಿಸಿಯೋಥೆರಪಿಗಾಗಲಿ ಬರುವಂತಿಲ್ಲ. ಒಂದು ಕಡೆಯಿಂದ ಮಾತ್ರ ದಾಟಬಹುದಾದ ಬಾಗಿಲು ಇದು. ಕಾಗದದ ಮೇಲೆ ಇತಿಹಾಸ ಬಿಟ್ಟವರಿಗೆ ಏನೂ ನಷ್ಟವಿಲ್ಲ. ಗಣಿತ ಬಿಟ್ಟವರಿಗೆ ಒಂದು ದಿಕ್ಕು, ಜೀವಶಾಸ್ತ್ರ ಬಿಟ್ಟವರಿಗೆ ಇನ್ನೊಂದು ದಿಕ್ಕು ಮುಚ್ಚುತ್ತದೆ.

ಹಾಗಾದರೆ ಯಾವುದನ್ನು ಬಿಟ್ಟರೆ ಯಾವುದು ಹೋಗುತ್ತದೆ ಎಂಬುದನ್ನಾದರೂ ಸರಿಯಾಗಿ ತಿಳಿದಿದ್ದೇವೆಯೇ? ಅದೂ ಇಲ್ಲ. ಪಿಸಿಎಂಸಿಯ ಭ್ರಮೆಯನ್ನೇ ನೋಡಿ. ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದರೆ ಪಿಯುವಿನಲ್ಲಿ ಕಂಪ್ಯೂಟರ್ ಸೈನ್ಸ್ ಇರಬೇಕು ಎಂದು ಅರ್ಧ ಕರ್ನಾಟಕ ನಂಬಿದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಪಿಯು ಅಂಕದ ಅರ್ಧ ತೂಕವೂ ಈ ಮೂರರದ್ದೇ. ಕಂಪ್ಯೂಟರ್ ಸೈನ್ಸ್ ಬ್ರಾಂಚಿಗೆ ಪಿಸಿಎಂಬಿಯವರಿಗೂ ಪಿಸಿಎಂಸಿಯವರಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾವೇರಿಯ ಹುಡುಗ ‘ಮುಂದೆ ಬೇಕಾದರೆ ಕಂಪ್ಯೂಟರ್’ ಎಂದು ಜೀವಶಾಸ್ತ್ರ ಬಿಟ್ಟದ್ದು ಈ ಭ್ರಮೆಯಿಂದಲೇ. ಕಂಪ್ಯೂಟರ್ ಸೈನ್ಸ್ ಓದಿ ಅವನು ಏನನ್ನೂ ಕಲಿಯಲಿಲ್ಲ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿಸಿದರೆ ಅದು ಒಳ್ಳೆಯ ವಿಷಯ. ಅದರಿಂದ ಹೊಸ ಬಾಗಿಲು ತೆರೆಯುತ್ತದೆ ಎಂದು ಯಾರೋ ಹೇಳಿದ್ದು ಸುಳ್ಳು.

ಕಾಮರ್ಸ್‌ನಲ್ಲಿ ‘ಬೇಸಿಕ್ ಮ್ಯಾಥ್ಸ್’ ಎಂಬ ಐಚ್ಛಿಕ ವಿಷಯವಿದೆ. ಹೆಸರಿನಲ್ಲಿ ಮ್ಯಾಥ್ಸ್ ಇದೆಯಲ್ಲ, ಮುಂದೆ ಮನಸ್ಸಾದರೆ ಎಂಜಿನಿಯರಿಂಗ್‌ಗೂ ಆದೀತು ಎಂದು ನಂಬಿಕೊಂಡವರಿದ್ದಾರೆ. ಆಗುವುದಿಲ್ಲ.

ಅರ್ಥಶಾಸ್ತ್ರದ ಕತೆ ಇನ್ನೂ ಸೂಕ್ಷ್ಮ. ಪಿಯುವಿನ ಆರ್ಟ್ಸ್‌ನಲ್ಲಿ ಅದು ಮಾತಿನ ವಿಷಯ, ಗಣಿತದ ಗಂಧ ಕಡಿಮೆ. ಆ ಪಾಠ ಕೇಳಿ ಅರ್ಥಶಾಸ್ತ್ರವೇ ನನ್ನ ದಾರಿ ಎಂದುಕೊಂಡ ಮಗು ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹೋಗಬೇಕೆಂದರೆ ಹನ್ನೆರಡರಲ್ಲಿ ಗಣಿತ ಓದಿರಲೇಬೇಕು. ನಮ್ಮ ಊರಿನ ಪದವಿ ಕಾಲೇಜಿನಲ್ಲಿ ಗಣಿತವಿಲ್ಲದೆಯೇ ಬಿಎ ಅರ್ಥಶಾಸ್ತ್ರ ಮಾಡಬಹುದು. ಆಮೇಲೆ ಒಳ್ಳೆಯ ಸಂಸ್ಥೆಯಲ್ಲಿ ಎಂಎ ಮಾಡಲು ಹೊರಟರೆ ಪ್ರವೇಶ ಪರೀಕ್ಷೆಯ ತುಂಬ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ. ಪಿಯುವಿನಲ್ಲಿ ಬಿಟ್ಟ ವಿಷಯ ಐದು ವರ್ಷ ಬಿಟ್ಟು ಬಂದು ಬಾಕಿ ಕೇಳುತ್ತದೆ.

ಮಡಿಕೇರಿಯ ಕಡೆಯ ಮಕ್ಕಳಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕನಸು ಹೊಸದಲ್ಲ. ಈಗ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಭೂಸೇನೆಯ ವಿಭಾಗಕ್ಕೆ ಹನ್ನೆರಡನೇ ತರಗತಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ. ಆದ್ದರಿಂದ ಆರ್ಟ್ಸ್ ತೆಗೆದುಕೊಂಡರೂ ತೊಂದರೆಯಿಲ್ಲ ಎಂದು ಹೇಳುವವರಿದ್ದಾರೆ. ನಿಯಮದ ಪ್ರಕಾರ ಸರಿಯಾದ ಮಾತು. ಆದರೆ ಆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೆ ಮೀಸಲು, ಅದೂ ಹನ್ನೆರಡನೇ ತರಗತಿ ಮಟ್ಟದ ಗಣಿತ. ನೌಕಾಪಡೆ, ವಾಯುಪಡೆ ಎಂದರಂತೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ್ದರೇ ಅರ್ಜಿ. ಅರ್ಜಿ ಹಾಕುವ ಹಕ್ಕು ಒಂದು, ಪರೀಕ್ಷೆಯಲ್ಲಿ ಕೂತು ಬರೆಯುವ ಶಕ್ತಿ ಇನ್ನೊಂದು. ಪುಸ್ತಿಕೆಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ.

ಇದಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಬಹುದು. ಎಡಕ್ಕೆ ಕೋರ್ಸಿನ ಹೆಸರು, ಬಲಕ್ಕೆ ಪಿಯುವಿನಲ್ಲಿ ಬೇಕಾದ ವಿಷಯ. ಮಾಹಿತಿ ಗುಟ್ಟಿನದೇನಲ್ಲ, ಪರೀಕ್ಷಾ ಪ್ರಾಧಿಕಾರವೇ ಅದನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ದ್ವಿತೀಯ ಪಿಯುವಿನ ಕೊನೆಗೆ ಸಿಗುವ ಅದನ್ನು ಪ್ರಥಮ ಪಿಯು ಅರ್ಜಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲು ಶಿಕ್ಷಣ ಇಲಾಖೆಗೆ ತಗಲುವುದು ಶಾಯಿಯ ಖರ್ಚು. ಇದಕ್ಕೆ ಸಮಿತಿ, ಆಯೋಗ ಯಾವುದೂ ಬೇಡ.

ಪುಸ್ತಿಕೆಯಲ್ಲಿ ಕಾಣದ ವಿಷಾದ

ಬಾಗಿಲು ಮುಚ್ಚುವ ಭಯಕ್ಕೆ ನಮ್ಮ ಜನ ಕಂಡುಕೊಂಡ ಮದ್ದು ಪಿಸಿಎಂಬಿ. ಎರಡೂ ಕಡೆ ಕಾಲಿಡಬಹುದು. ಮೆಡಿಕಲ್ ಸಿಗದಿದ್ದರೆ ಎಂಜಿನಿಯರಿಂಗ್, ಅದೂ ಬೇಡವೆಂದರೆ ಅಗ್ರಿ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ವಿಮೆಗೆ ಕಟ್ಟುವ ಕಂತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಣಿತವೂ ಜೀವಶಾಸ್ತ್ರವೂ ಸೇರಿ ಎರಡು ವರ್ಷದ ಹೊರೆ. ಅದರ ಮೇಲೆ ನೀಟ್, ಜೆಇಇ, ಸಿಇಟಿ ಮೂರರ ಕೋಚಿಂಗ್. ದಕ್ಷಿಣ ಕನ್ನಡ, ಉಡುಪಿಯ ವಸತಿ ಕಾಲೇಜುಗಳಿಗೆ ಬಯಲುಸೀಮೆಯಿಂದ ಮಕ್ಕಳು ಟ್ರಂಕು ಹೊತ್ತು ಹೋಗುವುದು ಇದಕ್ಕಾಗಿಯೇ. ಅಲ್ಲಿ ಬೆಳಕು ಹರಿಯುವ ಮೊದಲೇ ಸ್ಟಡಿ ಅವರ್ ಶುರು. 2024ರಲ್ಲಿ ನೀಟ್ ಬರೆದವರು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟುಗಳು ಲಕ್ಷದ ಮೇಲೆ ಸ್ವಲ್ಪ. ಉಳಿದವರಲ್ಲಿ ಸಾವಿರಾರು ಮಂದಿ ‘ಲಾಂಗ್ ಟರ್ಮ್’ ಹೆಸರಿನಲ್ಲಿ ಇನ್ನೊಂದು ವರ್ಷ ಅದೇ ಪುಸ್ತಕಗಳ ಮುಂದೆ ಕೂರುತ್ತಾರೆ.

ಇವರ ನಡುವೆ ಇನ್ನೊಂದು ಬಗೆಯ ವಿಷಾದ ಹುಟ್ಟುತ್ತದೆ. ಪಿಸಿಎಂಬಿಯಲ್ಲಿ ತೊಂಬತ್ತು ತೆಗೆದ ಹುಡುಗನಿಗೆ ತನಗೆ ಬೇಕಿದ್ದದ್ದು ರಾಜ್ಯಶಾಸ್ತ್ರ ಎಂದು ತಡವಾಗಿ ಹೊಳೆಯುತ್ತದೆ. ಕಾಗದದ ಮೇಲೆ ಅವನಿಗೆ ಯಾವ ಅಡ್ಡಿಯೂ ಇಲ್ಲ. ಬಿಎಗೆ ಸೇರಬಹುದು, ಯಾವ ಅರ್ಹತೆಯ ಸಾಲೂ ಅವನನ್ನು ತಡೆಯುವುದಿಲ್ಲ. ತಡೆಯುವುದು ಮನೆ. ‘ಎರಡು ವರ್ಷಕ್ಕೆ ಇಷ್ಟು ಲಕ್ಷ ಸುರಿದಿದ್ದು ಬಿಎ ಓದಿಸೋದಕ್ಕಾ?’ ಎಂಬ ಒಂದು ಮಾತು ಸಾಕು. ಅವನು ಸಿಕ್ಕ ಬ್ರಾಂಚಿಗೆ ಸೇರಿಕೊಂಡು, ನಾಲ್ಕು ವರ್ಷ ಮುಗಿಸಿ, ಆಮೇಲೆ ಐಎಎಸ್ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ರಾಜ್ಯಶಾಸ್ತ್ರ ತೆಗೆದುಕೊಂಡು ಓದುತ್ತಾನೆ. ಬೆಂಗಳೂರಿನ ವಿಜಯನಗರದ ಐಎಎಸ್ ಕೋಚಿಂಗ್ ಸೆಂಟರುಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಸಮಾಜಶಾಸ್ತ್ರ ಓದುತ್ತಿರುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ನಾಲ್ಕು ವರ್ಷವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಜೀವಶಾಸ್ತ್ರ ಬಿಟ್ಟೆ ಎಂದು ಕೊರಗುವವರಿಗೆ ಒಂದು ನಿಯಮ ತೋರಿಸಿ ದೂರಲು ಅವಕಾಶವಿದೆ. ಇತಿಹಾಸ ಬಿಟ್ಟೆ ಎಂದು ಕೊರಗುವವರಿಗೆ ಅದೂ ಇಲ್ಲ. ನನಗೆ ಈ ಎರಡನೆಯವರ ಸಂಕಟವೇ ಹೆಚ್ಚು ಎನಿಸುತ್ತದೆ. ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಅವರಿಗೆ ಜಾಗವಿಲ್ಲದಿರುವುದೂ ಅದಕ್ಕೆ ಒಂದು ಕಾರಣ.

ಗಣಿತದ ಮೇಷ್ಟರ ಮಗ

ಎ.ಕೆ. ರಾಮಾನುಜನ್ ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ ಓದಿ ಕಾಲೇಜಿಗೆ ಬಂದಾಗ ಮೊದಲ ವರ್ಷ ಸೇರಿದ್ದು ವಿಜ್ಞಾನಕ್ಕೆ. ಅವರ ತಂದೆ ಅತ್ತಿಪಟ್ಟು ಆಸೂರಿ ಕೃಷ್ಣಸ್ವಾಮಿ ಅಯ್ಯಂಗಾರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು, ಖಗೋಳ ಬಲ್ಲವರು. ಮಗನ ತಲೆ ಗಣಿತದ ಕಡೆಗಿಲ್ಲ ಎಂಬುದನ್ನು ಕಂಡುಕೊಂಡು, ವಿಜ್ಞಾನ ಬಿಡಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ಸೇರುವಂತೆ ಒಪ್ಪಿಸಿದವರು ಆ ತಂದೆಯೇ. ಮಗ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ವಚನಗಳನ್ನೂ ಸಂಗಂ ಕಾವ್ಯವನ್ನೂ ಇಂಗ್ಲಿಷಿಗೆ ದಾಟಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನನ್ನು ಹಿಡಿದು ನಿಲ್ಲಿಸುವುದು ಅಪ್ಪನ ನಡೆ. ಗಣಿತ ಬಲ್ಲವರಾದ್ದರಿಂದಲೇ ಗಣಿತ ಯಾರಿಗೆ ಒಗ್ಗುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಇಂದು ಮಕ್ಕಳನ್ನು ಗಣಿತಕ್ಕೆ ನೂಕುವವರಲ್ಲಿ ಎಷ್ಟು ಮಂದಿ ಗಣಿತ ಬಲ್ಲರು?

ಗಿರೀಶ ಕಾರ್ನಾಡರ ದಾರಿ ಬೇರೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು 1958ರಲ್ಲಿ ಪದವಿ ಮುಗಿಸಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಅಲ್ಲಿಂದ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಬರೆದದ್ದು ನಾಟಕ.

ಇಂಥ ಹೆಸರುಗಳನ್ನು ವೇದಿಕೆಯ ಮೇಲೆ ಹೇಳಿ ಮಕ್ಕಳಿಗೆ ಧೈರ್ಯ ತುಂಬುವ ಅಭ್ಯಾಸ ನಮ್ಮಲ್ಲಿದೆ. ಅದರಲ್ಲಿ ನನಗೆ ನಂಬಿಕೆ ಕಡಿಮೆ. ಕಾಲೇಜಿನ ನಡುವೆ ವಿಜ್ಞಾನದಿಂದ ಸಾಹಿತ್ಯಕ್ಕೆ ಬದಲಾಗಲು ರಾಮಾನುಜನ್ನರಿಗೆ ಬೇಕಾದದ್ದು ಪ್ರಾಧ್ಯಾಪಕ ತಂದೆಯ ಒಪ್ಪಿಗೆ. ಈಗಿನ ಪಿಯು ವಿದ್ಯಾರ್ಥಿಗೆ ಪ್ರಾಂಶುಪಾಲರು, ಇಲಾಖೆ, ಖಾಲಿ ಸೀಟು, ಕಟ್ಟಿದ ಶುಲ್ಕ, ಕೊಡದೆ ಸತಾಯಿಸುವ ವರ್ಗಾವಣೆ ಪತ್ರ ಎಲ್ಲವೂ ಕೂಡಿಬರಬೇಕು.

ಸಡಿಲವಾದ ನಿಯಮ, ಬಿಗಿಯಾದ ಪಾಠ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ, ವಿಜ್ಞಾನ ಎಂಬ ಗಟ್ಟಿ ಗೋಡೆ ಬೇಡ ಎಂದಿತು. ಕರ್ನಾಟಕ ಅದನ್ನು ಪದವಿ ಮಟ್ಟದಲ್ಲಿ 2021ರಲ್ಲೇ ಜಾರಿಗೆ ತಂದು, 2024ರಲ್ಲಿ ಮತ್ತೆ ಮೂರು ವರ್ಷದ ಹಳೆಯ ಪದವಿಗೆ ಮರಳಿತು. ಈ ಏರಿಳಿತದಲ್ಲಿ ಪಿಯುವಿನ ಕಾಂಬಿನೇಷನ್‌ಗಳು ಇದ್ದಲ್ಲೇ ಇವೆ. ಪದವಿಯಲ್ಲಿ ಏನೇ ಸ್ವಾತಂತ್ರ್ಯ ಕೊಟ್ಟರೂ ಹದಿನಾರರಲ್ಲಿ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಎಂಜಿನಿಯರಿಂಗಿಗೆ ಗಣಿತ, ಭೌತಶಾಸ್ತ್ರ ಕಡ್ಡಾಯವಲ್ಲ, ಪಟ್ಟಿ ಮಾಡಿದ ಹದಿನಾಲ್ಕು ವಿಷಯಗಳಲ್ಲಿ ಯಾವ ಮೂರಾದರೂ ಸಾಕು ಎಂದಾಗ ದೊಡ್ಡ ಗದ್ದಲವಾಯಿತು. ಗಣಿತವಿಲ್ಲದೆ ಎಂಜಿನಿಯರ್ ಹೇಗೆ ಎಂದು ಪ್ರಾಧ್ಯಾಪಕರೇ ಕೇಳಿದರು. ನಮ್ಮ ಸಿಇಟಿಯಲ್ಲಿ ಆ ಎರಡು ವಿಷಯಗಳು ಕಡ್ಡಾಯವಾಗಿಯೇ ಉಳಿದವು. ಅದು ಸರಿಯೂ ಹೌದು. ಗಣಿತ ತಪ್ಪಿಸಿಕೊಂಡು ಒಳಗೆ ಬಂದ ಹುಡುಗ ಮೊದಲ ಸೆಮಿಸ್ಟರಿನಲ್ಲೇ ಗಣಿತದ ಪತ್ರಿಕೆ ಬರೆಯಬೇಕು. ಸೇತುವೆ ಕೋರ್ಸ್ ಎಂಬ ಹೆಸರಿನಲ್ಲಿ ಎರಡು ವರ್ಷದ್ದನ್ನು ಎರಡು ತಿಂಗಳಲ್ಲಿ ಕಲಿಸುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ.

ಇದಕ್ಕಿಂತ ಮರ್ಯಾದೆಯ ದಾರಿ ತೋರಿಸಿದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗ. ಹನ್ನೆರಡನೇ ತರಗತಿಯಲ್ಲಿ ಜೀವಶಾಸ್ತ್ರ ಓದದವರು ಪಾಸಾದ ಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಿಂದ ಬರೆದು ಪಾಸಾದರೆ ನೀಟ್‌ಗೆ ಅರ್ಹರು ಎಂದು 2023ರ ನವೆಂಬರಿನಲ್ಲಿ ಹೇಳಿತು. ವಿಷಯ ಬೇಕೇ ಬೇಕು, ಆದರೆ ತಡವಾಗಿ ಓದಿದರೂ ಒಪ್ಪುತ್ತೇವೆ ಎಂಬ ನಿಲುವು. ಪ್ರತಿ ಕೋರ್ಸಿಗೂ ಇದೇ ನಿಯಮ ಬಂದರೆ ಮಕ್ಕಳ ಗೋಳು ಅರ್ಧ ಕಡಿಮೆಯಾದೀತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಯೂ 2025ರಿಂದ ಹನ್ನೆರಡರಲ್ಲಿ ಓದದ ವಿಷಯದಲ್ಲೂ ಪರೀಕ್ಷೆ ಬರೆಯಲು ಬಿಟ್ಟಿದೆ. ಕಲಬುರಗಿ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿಯೂ ಅದೇ ಪರೀಕ್ಷೆ. ಆಯಾ ವಿಶ್ವವಿದ್ಯಾಲಯ ಬೇರೆ ಷರತ್ತು ಹಾಕಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಇನ್ನೊಂದು ವರ್ಷ

ಪ್ರಥಮ ಪಿಯುವಿನ ಆರಂಭದಲ್ಲೇ ತಪ್ಪು ಗೊತ್ತಾದವರು ಪುಣ್ಯವಂತರು. ತರಗತಿ ಶುರುವಾದ ಮೊದಲ ವಾರಗಳಲ್ಲಿ, ಸೀಟಿದ್ದರೆ, ಕಾಂಬಿನೇಷನ್ ಬದಲಾಯಿಸಬಹುದು. ನಾಚಿಕೆಯಿಂದ ಸುಮ್ಮನಿದ್ದು ಆ ಕಾಲ ಕಳೆದುಕೊಂಡವರೇ ಹೆಚ್ಚು. ‘ಸ್ವಲ್ಪ ದಿನ ನೋಡು, ಅಭ್ಯಾಸ ಆಗುತ್ತೆ’ ಎಂಬ ಹಿರಿಯರ ಮಾತು ಅಲ್ಲಿ ಬಹಳ ಕೆಟ್ಟ ಕೆಲಸ ಮಾಡುತ್ತದೆ.

ದ್ವಿತೀಯ ಪಿಯು ದಾಟಿದವರಿಗೆ ಇರುವ ದೊಡ್ಡ ಆಸರೆ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಎನ್‌ಐಒಎಸ್. ಬಿಟ್ಟುಹೋದ ಒಂದೆರಡು ವಿಷಯಗಳನ್ನು ಮಾತ್ರ ಅಲ್ಲಿ ಓದಿ ಹನ್ನೆರಡನೇ ತರಗತಿ ಮಟ್ಟದ ಪರೀಕ್ಷೆ ಬರೆಯಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಪೈಲಟ್ ಆಗಬಯಸುವ ಕಾಮರ್ಸ್ ಮಕ್ಕಳು ವರ್ಷಗಳಿಂದ ಇದೇ ದಾರಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸು ಮಾಡಿಕೊಳ್ಳುತ್ತಿದ್ದಾರೆ. ಬೇರೆ ಬೇರೆ ಮಂಡಳಿಯ ಎರಡು ಅಂಕಪಟ್ಟಿಗಳನ್ನು ತಾನು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಉತ್ತರ ಪಡೆಯುವುದು ಕ್ಷೇಮ. ಕೌಂಟರಿನಲ್ಲಿ ಕುಳಿತವರು ಬಾಯಲ್ಲಿ ಹೇಳಿದ ‘ಆಗುತ್ತೆ ಹೋಗಿ’ ಎಂಬುದನ್ನು ನಂಬಿ ಒಂದು ವರ್ಷ ಹಾಕಬಾರದು.

ವಿ‌ಜ್ಞಾನ ಓದಿ ಎಂಜಿನಿಯರಿಂಗ್ ಸೀಟು ಸಿಗದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಅಲ್ಲಿಂದ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ಗಣಿತವಿಲ್ಲದೆ ಪಿಯು ಮುಗಿಸಿ ಡೇಟಾ ಸೈನ್ಸ್ ಕಲಿಯಬೇಕೆನ್ನುವವರು ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಆನ್‌ಲೈನ್ ಪದವಿಯನ್ನು ನೋಡಬಹುದು. ಹನ್ನೆರಡರಲ್ಲಿ ಯಾವ ವಿಭಾಗವಿದ್ದರೂ ಸರಿ, ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇದ್ದರೆ ಸಾಕು. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಹಿಂದೆ ಏನು ಓದಿದ್ದೆ ಎಂದು ಕೇಳುವ ಬದಲು ಈಗ ಕಲಿಯಬಲ್ಲೆಯಾ ಎಂದು ಕೇಳುವ ಈ ಕ್ರಮ ಬೇರೆ ಕಡೆಯೂ ಬರಬೇಕು.

ಈ ದಾರಿಗಳಲ್ಲಿ ಹೆಚ್ಚಿನವು ಕೇಳುವುದು ಒಂದು ವರ್ಷ, ಕೆಲವು ಎರಡು. ಆ ವರ್ಷದ ಬೆಲೆ ಎಲ್ಲ ಮನೆಗಳಲ್ಲೂ ಒಂದೇ ಅಲ್ಲ. ಮೆಡಿಕಲ್ ಸೀಟಿಗಾಗಿ ಮಗ ಲಾಂಗ್ ಟರ್ಮ್ ಕೂರುತ್ತಾನೆಂದರೆ ಸಾಲ ಮಾಡಿ ಕಳಿಸುವ ಮನೆಯಲ್ಲೇ ಮಗಳು ಗಣಿತ ಬರೆಯಲು ಒಂದು ವರ್ಷ ಕೇಳಿದರೆ, ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂದರೆ ಏನು ಹೇಳುವುದು ಎಂಬ ಚರ್ಚೆ ಶುರುವಾಗುತ್ತದೆ. ಕೂಲಿಗೆ ಹೋಗುವ ಮನೆಗಳಲ್ಲಿ ಆ ವರ್ಷ ದುಡಿಮೆಯ ವರ್ಷ. ಗಾರ್ಮೆಂಟ್ಸಿಗೆ ಸೇರಿದ ಹುಡುಗಿ ಮತ್ತೆ ಅರ್ಜಿ ಹಾಕುವುದು ಅಪರೂಪ. ಸರ್ಕಾರದ ವಿದ್ಯಾರ್ಥಿವೇತನಗಳು, ಹಾಸ್ಟೆಲುಗಳು ನಡುವೆ ಬಿಡುವಿಲ್ಲದೆ ಓದುವವರನ್ನು ಎದುರಿಟ್ಟುಕೊಂಡು ಮಾಡಿದವು. ಪಿಯು ಮುಗಿಸಿ ಒಂದೇ ಒಂದು ವಿಷಯಕ್ಕಾಗಿ ಓದುತ್ತಿರುವವಳು ಹಾಸ್ಟೆಲಿನ ದಾಖಲೆಯಲ್ಲಿ ವಿದ್ಯಾರ್ಥಿನಿಯೇ ಅಲ್ಲ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಅಂಥವರಿಗೆ ಒಂದು ವರ್ಷ ಉಳಿಯಲು ಹಾಸಿಗೆ ಕೊಡುವುದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಾಗಲಾರದು, ಒಂದು ಸುತ್ತೋಲೆ ಸಾಕು.